ನಡುವೆ ನಿಂತ ನಮ್ಮಕ್ಕ

ನಮ್ಮಕ್ಕ ಒಂದು ಕಡೆ ಕೂತು ಒಂದು ಲೋಟ ಕಾಫಿಯನ್ನು ಪೂರ್ತಿ ಕುಡಿದಿದ್ದನ್ನು ನಾನಂತೂ ನೋಡಿಲ್ಲ. ಅರ್ಧ ಕುಡಿಯುವಷ್ಟರಲ್ಲಿ ಏನೋ ನೆನಪಾಗಿ, ಲೋಟವನ್ನು ಕಿಟಕಿಯ ಮೇಲೋ ಟಿವಿಯ ಪಕ್ಕದಲ್ಲೋ ಇಟ್ಟು ಎದ್ದುಬಿಡುತ್ತಾಳೆ. ಉಳಿದರ್ಧ ಆರಿ ಕೆನೆ ಕಟ್ಟಿದ ಮೇಲೆ ಭಾವ ಮನೆಯೆಲ್ಲ ಹುಡುಕಿ ಲೋಟಗಳನ್ನು ಒಟ್ಟು ಮಾಡಿ ತೊಳೆಯಲು ಹಾಕುತ್ತಾರೆ. “ನಿಮ್ಮಕ್ಕನ ಹಿಂದೆ ಲೋಟ ಎತ್ತಿಕೊಂಡು ಓಡಾಡೋದೇ ನನ್ನ ಸಂಸಾರ” ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ. ಭಾವನಿಗೆ ಸಿಟ್ಟು ಬರುವುದಿಲ್ಲ. ನಮ್ಮ ಮನೆಯ ಪಾಲಿನ ಸಿಟ್ಟನ್ನೆಲ್ಲ ನಾನೇ ಹೊತ್ತುಕೊಂಡಿದ್ದೇನೆ.

ಅಮ್ಮ ಅವಳಿಗೆ ಚಿಕ್ಕಂದಿನಲ್ಲೇ ಬುಗುರಿ ಎಂದು ಹೆಸರಿಟ್ಟಿದ್ದಳು. ಕೂದಲು ನೆರೆತರೂ ಆ ಹೆಸರು ಬಿಟ್ಟುಹೋಗಿಲ್ಲ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ ಎನ್ನುವುದು ಒಂದಾದರೆ, ಯಾರಾದರೂ ಸುಮ್ಮನಾದರೆ ಅವಳಿಗೆ ತಡೆಯಲಾಗುವುದಿಲ್ಲ ಎನ್ನುವುದು ಇನ್ನೊಂದು. ಎದುರಿಗಿದ್ದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೂ ಅವರ ಮಾತನ್ನು ಇವಳೇ ಮುಗಿಸಿಕೊಡುತ್ತಾಳೆ. ಸರಿಯಾಗಿಯೇ ಮುಗಿಸುತ್ತಾಳೆ ಅನ್ನಿ. ತಪ್ಪಾಗಿ ಮುಗಿಸಿದ್ದರೆ ಯಾರಾದರೂ ಎಂದೋ ಅವಳ ಬಾಯಿ ಮುಚ್ಚಿಸಿರುತ್ತಿದ್ದರು.

ನಾನು ಅವಳ ತಮ್ಮ. ವಾದ್ಯ ರಿಪೇರಿ ನನ್ನ ಕಸುಬು. ಹಾರ್ಮೋನಿಯಂನ ತೂತು ಬಿದ್ದ ತಿದಿಗೆ ಚರ್ಮ ಅಂಟಿಸುವುದು, ಸೀಳಿದ ಗಿಟಾರಿಗೆ ಪಟ್ಟಿ ಕಟ್ಟುವುದು, ಡೋಲಿನ ಹಗ್ಗ ಬಿಗಿಯುವುದು ಇವೇ ದಿನವಿಡೀ. ಅಂಗಡಿ ಒಂದೇ ಬಾಗಿಲಿನದು. ಮೂಗಿಗೆ ಮೊದಲು ಬಡಿಯುವುದು ಅಂಟಿನ ವಾಸನೆ, ಆಮೇಲೆ ನನ್ನ ಗೊಣಗಾಟ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸಂಗೀತದವರು ವಾದ್ಯವನ್ನು ನೆಲಕ್ಕೆ ಕೆಡವಿಕೊಂಡು ಬಂದು, “ತಾನಾಗೇ ಹೀಗಾಯ್ತು” ಎಂದು ಹೇಳುವುದನ್ನು ಇಷ್ಟು ವರ್ಷ ಕೇಳಿದರೆ ಯಾರಾದರೂ ಗೊಣಗುತ್ತಾರೆ.

ಅಕ್ಕ ಮೊದಲು ಒಂದು ಶಾಲೆಯಲ್ಲಿ ಸಂಗೀತದ ಟೀಚರಾಗಿದ್ದಳು. ಮುರಿದ ಬೆಂಚುಗಳನ್ನು ಒಟ್ಟುವ ಕೋಣೆಯನ್ನೇ ಅವಳಿಗೆ ಕೊಟ್ಟಿದ್ದರು. ಪರೀಕ್ಷೆ ಹತ್ತಿರ ಬಂದರೆ ಅವಳ ಪೀರಿಯಡ್ಡನ್ನು ಗಣಿತದವರು ಎತ್ತಿಕೊಂಡು ಹೋಗುತ್ತಿದ್ದರು, ಕೇಳುವ ಸೌಜನ್ಯವೂ ಇಲ್ಲ. ಉಳಿದ ಟೀಚರುಗಳಿಗೆ ಒಬ್ಬರ ಪಾಠ ಇನ್ನೊಬ್ಬರಿಗೆ ತಿಳಿಯುತ್ತಿತ್ತು, ಸ್ಟಾಫ್ ರೂಮಿನಲ್ಲಿ ಜಗಳವಾಡಲಾದರೂ ಜನ ಇದ್ದರು. ಅವಳಿಗೆ ಒಬ್ಬರೂ ಇರಲಿಲ್ಲ. “ಸರಿಯಾಗಿ ಹೇಳ್ಕೊಟ್ರೂ ಕೇಳೋರಿಲ್ಲ, ತಪ್ಪಾಗಿ ಹೇಳ್ಕೊಟ್ರೂ ಕೇಳೋರಿಲ್ಲ ಕಣೋ” ಎಂದು ಅಂಗಡಿಗೆ ಬಂದು ನನ್ನ ಉಳಿ, ಅರಗಳನ್ನೆಲ್ಲ ಸ್ಥಳ ಬದಲಿಸುತ್ತಾ ಹೇಳುತ್ತಿದ್ದಳು. ಅದೇ ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಡೋಲು, ಕಹಳೆಯವರ ತಂಡ ಅಭ್ಯಾಸ ಶುರು ಮಾಡಿದರೆ ಮಕ್ಕಳೆಲ್ಲ ಕಿಟಕಿಗೆ ಜೋತುಬೀಳುತ್ತಿದ್ದರು, ಟೀಚರುಗಳು ಓಡಿಬಂದು ಕಿಟಕಿ ಮುಚ್ಚುತ್ತಿದ್ದರು. ಒಂದು ದಿನ ಅಕ್ಕ ಕಿಟಕಿ ಮುಚ್ಚುವ ಬದಲು ಶೆಡ್ಡಿಗೇ ಹೋಗಿ ಡೋಲಿನವನನ್ನು ಕೈಹಿಡಿದು ಕ್ಲಾಸಿಗೆ ಕರೆತಂದಳು. ಹೆಡ್ಮಾಸ್ತರರು ಕೆಂಡಾಮಂಡಲವಾದರು. ಮಕ್ಕಳು ಮಾತ್ರ ಅವತ್ತು ಗಂಟೆ ಹೊಡೆದರೂ ಏಳಲಿಲ್ಲವಂತೆ.

ಅದಾದ ಮೇಲೆ ಅವಳು ಸಂಗೀತ ತರಬೇತಿ ಕೇಂದ್ರಕ್ಕೆ ಸೇರಿದಳು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಹಾಲು, ಒಂದು ಆಫೀಸು, ನೀರು ಸೋರುವ ಒಂದು ನಲ್ಲಿ, ಅಷ್ಟೇ ಕೇಂದ್ರ. ಶಾಲೆಯ ಸಂಗೀತ ಟೀಚರನ್ನೂ ಊರಿನಲ್ಲಿ ಬಾರಿಸುವವರು, ಊದುವವರು, ಹಾಡುವವರಲ್ಲಿ ಒಬ್ಬರನ್ನೂ ಜೋಡಿ ಮಾಡಿ, ತಿಂಗಳುಗಟ್ಟಲೆ ಒಟ್ಟಿಗೆ ಕೂರಿಸಿ ತಯಾರು ಮಾಡಿ, ಆಮೇಲೆ ಇಬ್ಬರನ್ನೂ ಒಂದೇ ಕ್ಲಾಸಿಗೆ ಕಳಿಸುವುದು ಅವಳ ಕೆಲಸ. ಮೊದಲು ವಾದ್ಯದವರು ಟೀಚರಿಗೆ ಒಂದು ಹಾಡು ಕಲಿಸಬೇಕು, ಬರೆದುಕೊಳ್ಳುವಂತಿಲ್ಲ, ಕಿವಿಯಿಂದಲೇ ಹಿಡಿಯಬೇಕು. ಆಮೇಲೆ ಆ ಹಾಡನ್ನು ಮಕ್ಕಳಿಗೆ ಯಾವ ತುಂಡಿನಿಂದ ಶುರು ಮಾಡಬೇಕು, ಹಿಂದಿನ ಬೆಂಚಿನವರನ್ನು ಹೇಗೆ ಎಳೆದುಕೊಳ್ಳಬೇಕು ಎನ್ನುವುದನ್ನು ಟೀಚರು ವಾದ್ಯದವರಿಗೆ ತೋರಿಸಬೇಕು. ಪ್ರತಿ ಪಾಠ ಮುಗಿದ ಮೇಲೆ ಇಬ್ಬರೂ ಕೂತು ಎಲ್ಲಿ ಕೆಟ್ಟಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಕೆಟ್ಟದ್ದು ಒಂದೂ ಇರಲಿಲ್ಲ ಎಂದರೆ ಅಕ್ಕ ಒಪ್ಪುವುದಿಲ್ಲ.

ಕೇಳಲು ಎಷ್ಟು ಚೆನ್ನಾಗಿದೆ! ಆ ಹಾಲಿಗೆ ನಾನು ರಿಪೇರಿಯಾದ ವಾದ್ಯಗಳನ್ನು ತಲುಪಿಸಲು ಹೋದಾಗೆಲ್ಲ ಕಣ್ಣಾರೆ ಕಂಡದ್ದೇ ಬೇರೆ. ಒಂದೊಂದು ಮೂಲೆಯಲ್ಲಿ ಒಂದೊಂದು ಜೋಡಿ. ಇವಳು ಮೂಲೆಯಿಂದ ಮೂಲೆಗೆ ಸುತ್ತುತ್ತಾಳೆ. ಡೋಲಿನವನು ಏನೋ ಹೇಳಲು ತಡವರಿಸಿದರೆ, “ಅವ್ರು ಹೇಳ್ತಿರೋದು ಏನಂದ್ರೆ ಟೀಚರ್…” ಎಂದು ಇವಳು. ಟೀಚರು ಮುಖ ಗಂಟಿಕ್ಕಿದರೆ, “ಅವರಿಗೆ ಬೇಜಾರಿಲ್ಲ ಅಣ್ಣ, ಯೋಚನೆ ಮಾಡ್ತಿದ್ದಾರೆ” ಎಂದೂ ಇವಳೇ. ನಾನೊಮ್ಮೆ ಕೇಳಿದೆ, “ಅಲ್ಲಕ್ಕ, ಇವ್ರಿಬ್ರಲ್ಲಿ ಯಾರಿಗೂ ಬಾಯಿ ಇಲ್ವಾ?”

“ನಿಂಗೊತ್ತಾಗಲ್ಲ ಸುಮ್ನಿರು. ಟೀಚರಿಗೆ ಅವರ ಮಾತು ಒರಟು ಅನ್ಸುತ್ತೆ, ಅವರಿಗೆ ಟೀಚರ ಮಾತು ಅಹಂಕಾರ ಅನ್ಸುತ್ತೆ. ನಾನಿಲ್ಲದಿದ್ರೆ ಎರಡನೇ ದಿನಕ್ಕೇ ಎದ್ದು ಹೋಗ್ತಾರೆ.”

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಎದ್ದು ಹೋದವರನ್ನು ಮನೆ ಬಾಗಿಲಿಗೆ ಹೋಗಿ ಕರೆದುಕೊಂಡು ಬಂದವಳೂ ಅವಳೇ. ಊಟಕ್ಕೆ ಕೂತಾಗ ಯಾವುದೋ ಟೀಚರು ಫೋನಿನಲ್ಲಿ ಅಳುತ್ತಾರೆ, ಕೈ ತೊಳೆಯದೆ ಅರ್ಧ ಗಂಟೆ ಸಮಾಧಾನ ಹೇಳುತ್ತಾಳೆ. ಅವಳ ಕಾಲಿಗೆ ಚಕ್ರ ಕಟ್ಟಿದವರು ಯಾರೋ, ಬ್ರೇಕು ಕೊಡುವುದನ್ನು ಮರೆತರು.

ಒಂದು ಸಲದ ಜೋಡಿಗಳಲ್ಲಿ ಅವಳಿಗೆ ಎಲ್ಲಕ್ಕಿಂತ ಹೆಮ್ಮೆಯ ಜೋಡಿ ಒಂದಿತ್ತು. ಒಬ್ಬರು ಪೆಟ್ಟಿಗೆ ಟೀಚರು. ಹಾರ್ಮೋನಿಯಂಗೆ ನಮ್ಮ ಕಡೆ ಪೆಟ್ಟಿಗೆ ಅನ್ನುತ್ತೇವೆ. ಅದರ ಮೇಲೆ ಬೆರಳಿಡದೆ ಒಂದು ಸಾಲನ್ನೂ ಹಾಡದ ಕಾರಣ ಮಕ್ಕಳು ಅವರಿಗೆ ಆ ಹೆಸರು ಕೊಟ್ಟಿದ್ದರು. ನಡುವಯಸ್ಸಿನ ಮೃದು ಹೆಂಗಸು, ಇರುವೆ ಅಡ್ಡ ಬಂದರೂ ದಾರಿ ಬಿಡುವಂಥವರು. ಇನ್ನೊಬ್ಬ ಕೊಳಲಿನವನು. ಹಗಲು ಗೋಡೆಗಳಿಗೆ ಬಣ್ಣ ಬಳಿಯುತ್ತಾನೆ, ಸಂಜೆ ಮದುವೆ ಮನೆಯೋ ಅಂಗಡಿ ಉದ್ಘಾಟನೆಯೋ ಇದ್ದರೆ ತನ್ನ ಅಣ್ಣನ ಜೊತೆ ಕೂತು ಊದುತ್ತಾನೆ. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಣ್ಣ. ಅವನ ಮಗಳು ಆ ಟೀಚರ ಶಾಲೆಯಲ್ಲೇ ಓದುತ್ತಿದ್ದಳು.

“ಈ ಜೋಡಿ ಇದ್ಯಲ್ಲ, ಇವತ್ತಿನವರೆಗೆ ಒಂದು ಜಗಳ ಇಲ್ಲ” ಎಂದು ಅಕ್ಕ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು. ಜಗಳ ಹೇಗಾದೀತು? ಪೆಟ್ಟಿಗೆಯ ಶ್ರುತಿಗೆ ಕೊಳಲು ಸೇರುತ್ತಿರಲಿಲ್ಲ, ಕೂದಲೆಳೆಯಷ್ಟಲ್ಲ, ಕಿವಿ ಇದ್ದವರಿಗೆ ಹಲ್ಲು ಜುಮ್ಮೆನ್ನುವಷ್ಟು ಕೆಳಗಿತ್ತು. ಟೀಚರು ಅದನ್ನು ಕೊಳಲಿನವನಿಗೆ ಹೇಳಲಿಲ್ಲ, ಅಕ್ಕನಿಗೆ ಹೇಳಿದರು, “ಪಾಪ, ಅವರಿಗೆ ನೋವಾಗುತ್ತೆ ಮೇಡಂ, ನೀವೇ ಸ್ವಲ್ಪ…” ಎಂದು. ಅಕ್ಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅವನಿಗೆ ದಾಟಿಸಿದಳು: “ಒಂಚೂರು ಮೇಲೆ ಬಂದ್ರೆ ಸಾಕಣ್ಣ, ಟೀಚರಿಗೆ ನೀವು ಊದೋದು ಅಂದ್ರೆ ಪ್ರಾಣ.” ಅವನಿಗೂ ಪೆಟ್ಟಿಗೆಯ ಅಬ್ಬರದಲ್ಲಿ ತನ್ನ ಕೊಳಲೇ ತನಗೆ ಕೇಳಿಸುತ್ತಿರಲಿಲ್ಲ. ಅವನೂ ಅಕ್ಕನಿಗೇ ಹೇಳಿದ. ಅಕ್ಕ ಅದನ್ನೂ ಸಕ್ಕರೆ ಬೆರೆಸಿ ಟೀಚರಿಗೆ ಮುಟ್ಟಿಸಿದಳು. ಪಾಠದ ನಂತರದ ಮಾತುಕತೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕೈಮುಗಿದು, “ಏನೂ ತೊಂದರೆ ಇರ್ಲಿಲ್ಲ” ಎಂದು ಹೇಳಿ, ಕೆಟ್ಟದ್ದನ್ನು ಬಾಗಿಲ ಹೊರಗೆ ಅಕ್ಕನ ಕಿವಿಗೆ ಹಾಕಿ ಹೋಗುತ್ತಿದ್ದರು. ಎಲ್ಲರಿಗೂ ಪಾಠ ಹೇಳುವ ನಮ್ಮಕ್ಕ ತನ್ನ ನಿಯಮವನ್ನು ತಾನೇ ಮುರಿಯುತ್ತಿದ್ದದ್ದು ಅವಳಿಗೆ ಕಾಣಲಿಲ್ಲ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಕೊಳಲಿನವನು ನನ್ನ ಅಂಗಡಿಗೆ ಬಂದ. ಬಟ್ಟೆಯಲ್ಲಿ ಸುತ್ತಿದ ಕೊಳಲನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಎರಡು ತುಂಡು ಕೂಡಿಸಿದ ಮರದ ಕೊಳಲು, ಕೈಯ ಬೆವರು ಕುಡಿದು ಕಪ್ಪಗೆ ಮಿರುಗುತ್ತಿತ್ತು. ಜೋಡಣೆಯ ಹತ್ತಿರ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದ.

“ಇಲ್ಲಿಗೆ ಕತ್ತರಿಸಿ ಕೊಡ್ಬೇಕಣ್ಣ.”

ಆ ಕೊಳಲು ನನಗೆ ಹೊಸದಲ್ಲ. ಅವನ ಅಪ್ಪ ಒಂದೇ ಮರದ ದಿಂಡಿನಿಂದ ಇಬ್ಬರು ಮಕ್ಕಳಿಗೂ ಒಂದೊಂದು ಮಾಡಿಕೊಟ್ಟಿದ್ದ. ಎರಡನ್ನೂ ಒಟ್ಟಿಗೆ ಊದಿದರೆ ಒಂದೇ ಉಸಿರು ಅನ್ನಿಸುತ್ತಿತ್ತು. ಇದನ್ನು ಕತ್ತರಿಸಿದರೆ ಶ್ರುತಿ ಮೇಲೇರಿ ಪೆಟ್ಟಿಗೆಯ ಹತ್ತಿರಕ್ಕೆ ಬರುತ್ತದೆ ನಿಜ, ಆದರೆ ಅಣ್ಣನ ಕೊಳಲಿನ ಜೊತೆ ಇನ್ನು ಯಾವತ್ತೂ ಸೇರುವುದಿಲ್ಲ. ಕತ್ತರಿಸಿದ ಮರವನ್ನು ಮತ್ತೆ ಬೆಳೆಸುವ ಅಂಟು ನನ್ನ ಅಂಗಡಿಯಲ್ಲಿಲ್ಲ.

“ಅಣ್ಣನಿಗೆ ಹೇಳಿದ್ಯಾ?”

“ಇಲ್ಲ.”

“ತಲೆ ನೆಟ್ಟಗಿದ್ಯಾ ನಿಂಗೆ? ಇದೇನು ಪೆನ್ಸಿಲ್ಲಾ, ಮೊಂಡಾಯ್ತು ಅಂತ ಕೆತ್ತೋಕೆ?”

ಅವನು ತುಟಿ ತೋರಿಸಿದ. ಕೆಳತುಟಿಯ ಒಂದು ಬದಿ ಊದಿಕೊಂಡಿತ್ತು. ಕೊಳಲನ್ನು ಹೊರಕ್ಕೆ ತಿರುಗಿಸಿ ಗಟ್ಟಿಯಾಗಿ ಊದಿದರೆ ಸ್ವರ ಕೊಂಚ ಮೇಲೇರುತ್ತದೆ. ಪೆಟ್ಟಿಗೆಯನ್ನು ಮುಟ್ಟಲು ಇಡೀ ಪೀರಿಯಡ್ ಹಾಗೆ ಊದುತ್ತಿದ್ದನಂತೆ. “ಎಷ್ಟು ದಿನ ಹೀಗೆ ಊದ್ಲಿ? ಒಂಚೂರು ಮೇಲೆ ಬರ್ಬೇಕು ಅಂದಿದ್ದಾರೆ.”

“ಬೇರೆ ಕೊಳಲು ಕೊಡ್ತೀನಿ, ಅದನ್ನ ಊದು.”

“ಅದು ಕೈಗೆ ಒಗ್ಗೋಕೆ ವರ್ಷ ಹಿಡಿಯುತ್ತೆ. ಸೋಮವಾರ ಕ್ಲಾಸಿದೆ.” ಆಮೇಲೆ ನೆಲ ನೋಡುತ್ತಾ ಹೇಳಿದ, “ನನ್ನ ಮಗಳು ಮೊದ್ಲೆಲ್ಲ ಯಾರಾದ್ರೂ ಕೇಳಿದ್ರೆ ನಮ್ಮಪ್ಪ ಪೇಂಟರ್ ಅಂತ ಮೆಲ್ಲಗೆ ಹೇಳ್ತಿದ್ಲು. ಈಗ ನಮ್ಮಪ್ಪ ನಮ್ಮ ಸ್ಕೂಲಲ್ಲಿ ಪಾಠ ಮಾಡ್ತಾರೆ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತಾಳೆ. ಮಕ್ಕಳು ನನ್ನ ಸಾರ್ ಅಂತಾರಣ್ಣ. ಶ್ರುತಿ ಸೇರಲ್ಲ ಅಂತ ನಾಳೆ ಬೇಡ ಅಂದ್ಬಿಟ್ರೆ? ಅಣ್ಣನ ಜೊತೆ ಊದೋದು ನಿಂತ್ರೆ ನಿಲ್ಲಲಿ. ಕತ್ತರಿಸಿ.”

ಗರಗಸ ಸಾಣೆಗೆ ಹೋಗಿದೆ ಎಂದೆ. ಗರಗಸ ಅವನ ನೆತ್ತಿಯ ಮೇಲೆಯೇ ಗೋಡೆಗೆ ನೇತುಹಾಕಿತ್ತು. ಅವನು ತಲೆ ಎತ್ತಿ ಅದನ್ನು ನೋಡಿ, ನನ್ನ ಮುಖ ನೋಡಿದ. “ಅದು ಬೇರೆ ಕೆಲಸದ್ದು” ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಮೊದಲಿನಿಂದಲೂ ದಡ್ಡ. ಅವನು ನಗಲಿಲ್ಲ. ಕೊಳಲನ್ನು ಅಲ್ಲೇ ಬಿಟ್ಟು ಎದುರಿನ ಟೀ ಅಂಗಡಿಯ ಬೆಂಚಿಗೆ ಹೋಗಿ, ನನ್ನ ಬಾಗಿಲಿಗೆ ಮುಖ ಮಾಡಿ ಕೂತ. ಕತ್ತರಿಸುವ ತನಕ ಏಳುವ ಲಕ್ಷಣ ಕಾಣಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಹೆಲ್ಮೆಟ್ ತೆಗೆಯದೆಯೇ ಒಳಗೆ ನುಗ್ಗಿದಳು. ಕೊಳಲನ್ನೂ ಅದರ ಮೇಲಿನ ಗೆರೆಯನ್ನೂ ನೋಡಿದಳು. ಒಂದು ಕ್ಷಣ ಅವಳ ಮುಖದ ಬಣ್ಣ ಇಳಿಯಿತು. ಮರುಕ್ಷಣ ಬುಗುರಿ ತಿರುಗಲು ಶುರುವಾಯಿತು. ಕೊಳಲಿನವನು ಅವಳ ಸ್ಕೂಟರ್ ನೋಡಿ ಬೆಂಚಿನಿಂದ ಎದ್ದು ಬಂದು ಹೊಸ್ತಿಲಲ್ಲಿ ನಿಂತಿದ್ದ. ಅವನಿಗೂ ನನಗೂ ಸೇರಿಸಿ ಹೇಳತೊಡಗಿದಳು:

“ಕತ್ತರಿಸೋದು ಏನೂ ಬೇಡ. ಇವನು ಪೆಟ್ಟಿಗೆಯ ರೀಡುಗಳನ್ನ ಕೆರೆದು ಶ್ರುತಿ ಇಳಿಸಿಬಿಡ್ತಾನೆ, ಅಲ್ವೇನೋ? ಆಗಲ್ವಾ? ಆಗದಿದ್ರೆ ಬೇರೆ ಪೆಟ್ಟಿಗೆ ಹುಡುಕೋಣ. ಅದೂ ಬೇಡ, ನಿಮ್ಮಣ್ಣನ್ನೂ ಕ್ಲಾಸಿಗೆ ಕರೆಸೋಣ, ನಾನು ಮಾತಾಡ್ತೀನಿ ಅವರ ಹತ್ರ. ಟೀಚರ್ ಹತ್ರಾನೂ ನಾನೇ ಮಾತಾಡ್ತೀನಿ, ಅವರು ಏನಂತಾರೆ ಅಂದ್ರೆ…”

“ಅಕ್ಕ” ಎಂದ ಅವನು. ದನಿ ಏರಿಸಲಿಲ್ಲ. “ಟೀಚರ್ ಏನಂತಾರೆ ಅಂತ ನಿಮ್ಮ ಬಾಯಿಂದ ಬೇಕಾದಷ್ಟು ಕೇಳಿದ್ದೀನಿ. ಅವರ ಬಾಯಿಂದ ಒಂದು ಮಾತೂ ಕೇಳಿಲ್ಲ. ಅವರಿಗೆ ನಾನು ಬೇಕೋ ಬೇಡ್ವೋ ನಂಗಿನ್ನೂ ಗೊತ್ತಿಲ್ಲ.”

ಅಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಅವಳ ವಾಕ್ಯ ಅರ್ಧಕ್ಕೆ ನಿಂತಿದ್ದನ್ನು ನಾನು ಮೊದಲ ಸಲ ನೋಡಿದೆ, ಮುಗಿಸಿಕೊಡಲು ಅಲ್ಲಿ ಯಾರೂ ಇರಲಿಲ್ಲ. ನನಗೆ ಪಾಪ ಅನ್ನಿಸಿತು, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

“ಹಾಗಾದ್ರೆ ನಡೀರಿ, ಈಗ್ಲೇ ಕೇಳೋಣ” ಎಂದಳು ಕೊನೆಗೆ. “ಶನಿವಾರ ಸಂಜೆ ತನಕ ಅವರು ಶಾಲೆಯಲ್ಲೇ ಇರ್ತಾರೆ.”

ಅಂಗಡಿಗೆ ಬೀಗ ಹಾಕಿ, ವಾದ್ಯ ಸಾಗಿಸುವ ನನ್ನ ವ್ಯಾನಿನಲ್ಲಿ ಮೂವರೂ ಹೊರಟೆವು. ಕೊಳಲಿನವನು ಹಿಂದೆ ಡೋಲುಗಳ ನಡುವೆ ಕೊಳಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಲ್ಲಿ ಒಂದು ಮಾತೂ ಆಡಬಾರದು ಎಂದು ಅಕ್ಕನಿಂದ ಭಾಷೆ ತೆಗೆದುಕೊಂಡೆ. “ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ” ಎಂದು ಒಪ್ಪಿದವಳು, ಆ ಬೀಗವನ್ನು ಹೇಗೆ ಹಾಕಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ವಿವರಿಸಿದಳು. ಡ್ಯಾಶ್‌ಬೋರ್ಡ್ ಮೇಲೆ ಬೆರಳು ಬಡಿಯುತ್ತಲೇ ಇದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಇಳಿದು ನಡೆದೇ ಹೋಗುತ್ತಾಳೇನೋ ಎಂದು ನನಗೆ ದಿಗಿಲು.

ಸಂಗೀತದ ಕೋಣೆ ಶಾಲೆಯ ಕೊನೆಯ ತುದಿಯಲ್ಲಿತ್ತು. ಕರಿಹಲಗೆಯ ಮೇಲೆ ಯಾರೋ ಅರ್ಧ ಒರೆಸಿದ ಭಾಗಾಕಾರದ ಲೆಕ್ಕ, ಗೋಡೆಗೆ ಒತ್ತಿಟ್ಟ ಬೆಂಚುಗಳು, ಮೇಜಿನ ಮೇಲೆ ಪೆಟ್ಟಿಗೆ. ಟೀಚರು ಅದರ ಮುಂದೆ ಕೂತು ಸೋಮವಾರದ ಪಾಠ ನುಡಿಸಿಕೊಳ್ಳುತ್ತಿದ್ದರು. ಮೂವರನ್ನು ಒಟ್ಟಿಗೆ ನೋಡಿ ಗಾಬರಿಯಾಗಿ ಎದ್ದರು, ಕಣ್ಣು ಸೀದಾ ಅಕ್ಕನ ಕಡೆ ಹೋಯಿತು. ಅಕ್ಕ ತುಟಿ ಬಿಗಿದುಕೊಂಡು ಕಿಟಕಿಯ ಕಡೆ ತಿರುಗಿದಳು.

ಕೊಳಲಿನವನು ಬಟ್ಟೆ ಬಿಚ್ಚಿ ಕೊಳಲನ್ನು ಪೆಟ್ಟಿಗೆಯ ಮೇಲಿಟ್ಟ. “ಟೀಚರ್, ನನ್ನ ಕೊಳಲು ಸೇರಲ್ವಾ? ನೀವೇ ಹೇಳಿ.”

ಟೀಚರು ಅಕ್ಕನ ಬೆನ್ನನ್ನು ನೋಡಿದರು, ನನ್ನನ್ನು ನೋಡಿದರು. ಯಾರಿಂದಲೂ ಸಹಾಯ ಬರಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೊನೆಗೆ, “ಸೇರಲ್ಲ” ಎಂದರು. ಅಂದವರೇ ತಮ್ಮ ಮಾತಿಗೆ ತಾವೇ ಬೆಚ್ಚಿದರು.

“ಎಷ್ಟು ದಿನದಿಂದ?”

“ಮೊದಲ ದಿನದಿಂದಾನೂ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ, ಮೇಡಂಗೆ…”

“ಊದೋದು ಮೇಡಮ್ಮಾ? ಊದೋನು ನಾನು, ಟೀಚರ್! ನನ್ನ ತುಟಿ ನೋಡಿ. ನಿಮ್ಮ ಪೆಟ್ಟಿಗೆ ಮುಟ್ಟೋಕೆ ಹೋಗಿ ಹೀಗಾಗಿದೆ. ನಾನೂ ಮೊದಲ ದಿನದಿಂದ ಹೇಳ್ಬೇಕು ಅಂತಿದ್ದೆ, ನಿಮ್ಮ ಪೆಟ್ಟಿಗೆ ಶುರುವಾದ್ರೆ ನಾನು ಊದೋದು ನಂಗೇ ಕೇಳ್ಸಲ್ಲ. ಮಕ್ಕಳಿಗೆ ಏನು ಕೇಳ್ಸುತ್ತೆ, ಮಣ್ಣು?”

“ಜೋರಾಯ್ತು ಅಂತ ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿದ್ನಲ್ಲ!” ಟೀಚರ ದನಿಯೂ ಏರಿತು. ಅವರಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲವೇನೋ. ಅಷ್ಟರಲ್ಲಿ ಅವರ ಕಣ್ಣು ಕೊಳಲಿನ ಮೇಲಿನ ಗೆರೆಗೆ ಬಿತ್ತು. “ಇದೇನಿದು?”

“ಅಲ್ಲಿಗೆ ಕತ್ತರಿಸಿದ್ರೆ ನಿಮ್ಮ ಪೆಟ್ಟಿಗೆಗೆ ಸೇರುತ್ತೆ.”

“ನಿಮ್ಮಣ್ಣನ ಜೊತೆ?”

ಅವನು ತಲೆಯನ್ನು ಅಡ್ಡ ಆಡಿಸಿದ. ಟೀಚರು ಕೊಳಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕುರ್ಚಿಯ ಮೇಲೆ ಕುಸಿದರು. “ನಾನು ಕತ್ತರಿಸಿ ಅಂದ್ನಾ? ಯಾರು ಹೇಳಿದ್ರು ಇದನ್ನ ನಿಮಗೆ?”

ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ತಿರುಗಿದರು. ಅಕ್ಕ ಇತ್ತ ತಿರುಗಿದಳು. ಭಾಷೆ ಮುರಿದು ಒಂದು ಮಾತು ಹೇಳಿದಳು, “ಕತ್ತರಿಸಿ ಅಂತ ನಾನೂ ಹೇಳಿಲ್ಲ. ಆದ್ರೆ ನನ್ನಿಂದಾನೇ ಆಗಿದ್ದು.” ಅಷ್ಟೇ. ಅದಕ್ಕಿಂತ ಚಿಕ್ಕದಾಗಿ ಅವಳು ಯಾವತ್ತೂ ಮಾತು ಮುಗಿಸಿರಲಿಲ್ಲ.

ಟೀಚರು ಎದ್ದು ಪೆಟ್ಟಿಗೆಯ ತಿದಿ ಮಡಿಸಿ ಕೊಂಡಿ ಹಾಕಿದರು. ಕೊಳಲನ್ನು ಅವನ ಕೈಗೆ ಕೊಟ್ಟರು. “ಪೆಟ್ಟಿಗೆ ನಾನು ಮುಟ್ಟಲ್ಲ. ನೀವು ಊದಿ, ನಾನು ಬಾಯಲ್ಲೇ ಹಾಡ್ತೀನಿ.” ಪೆಟ್ಟಿಗೆ ಇಲ್ಲದೆ ಅವರು ಹಾಡಿ ಎಷ್ಟು ಕಾಲವಾಗಿತ್ತೋ. ಅವನು ತನ್ನ ನಿಜವಾದ ಶ್ರುತಿಯಲ್ಲಿ, ತುಟಿಗೆ ಹಿಂಸೆ ಇಲ್ಲದೆ, ಒಂದು ಸ್ವರ ಹಿಡಿದ. ಟೀಚರು ಕಣ್ಣು ಮುಚ್ಚಿ ಎತ್ತಿಕೊಂಡರು. ತಪ್ಪಿತು. ಮತ್ತೆ ಎತ್ತಿಕೊಂಡರು, ಮತ್ತೆ ಜಾರಿ ಪೆಟ್ಟಿಗೆಯ ಶ್ರುತಿಗೇ ಹೋಗಿ ನಿಂತರು. ಮುಖ ಕೆಂಪಾಯಿತು.

ಅಕ್ಕನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಟೀಚರಿಗೆ ಬೇಕಾದ ಸ್ವರ ಅವಳ ಗಂಟಲಿನಲ್ಲಿ ಸಿದ್ಧವಾಗಿತ್ತು. ಒಂದು ಸಲ ಗುನುಗಿದರೆ ಸಾಕು, ಟೀಚರು ಅದನ್ನು ಹಿಡಿದು ದಡ ಸೇರುತ್ತಾರೆ, ಸೋಮವಾರದ ಪಾಠವೂ ನಡೆಯುತ್ತದೆ, ಮುಂದಿನ ಸೋಮವಾರ ಮತ್ತೆ ಅಕ್ಕ ಬರಬೇಕಾಗುತ್ತದೆ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ನಾನು ಅವಳ ತೋಳು ಹಿಡಿದೆ, ಅವಳು ಕೊಡವಿಕೊಂಡಳು.

ಆಗ ಟೀಚರು ಕಣ್ಣು ತೆರೆದು, “ಮೇಡಂ, ನೀವು ಸ್ವಲ್ಪ ಹೊರಗಿರಿ” ಎಂದರು.

ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಮೊಗಸಾಲೆಯಲ್ಲಿ ಮಕ್ಕಳ ಒಂದು ಗಿಡ್ಡ ಬೆಂಚಿತ್ತು. ಅದರ ಮೇಲೆ ಕೂತರೆ ನಮ್ಮ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಅಕ್ಕ ಕೂತಳು, ಎದ್ದಳು, ಕೂತಳು. ಒಳಗಿನಿಂದ ಕೊಳಲು, ಟೀಚರ ಒಡೆದ ದನಿ, ನಿಶ್ಶಬ್ದ. ಮತ್ತೆ ಅದೇ. ಆ ನಿಶ್ಶಬ್ದ ಬಂದಾಗೆಲ್ಲ ಅಕ್ಕ ನನ್ನ ಮಣಿಕಟ್ಟನ್ನು ಉಗುರು ನಾಟುವ ಹಾಗೆ ಹಿಡಿಯುತ್ತಿದ್ದಳು.

“ಬಿಟ್ಟುಬಿಡ್ತಾರೆ ಕಣೋ. ಇಬ್ರೂ ಬಿಟ್ಟುಬಿಡ್ತಾರೆ. ನಾನು ಒಳಗೆ ಹೋಗ್ಲಾ?”

“ಬೇಡ.”

“ಒಂದೇ ಒಂದು ಸ್ವರ…”

“ಬೇಡ ಅಂದ್ನಲ್ಲ.”

“ಮತ್ತೆ ಏನ್ ಮಾಡ್ಲಿ ನಾನು?”

“ಏನೂ ಮಾಡ್ಬೇಡ.”

“ಅದು ನಂಗೆ ಬರಲ್ವಲ್ಲೋ” ಎಂದಳು. ತಮಾಷೆಗೆ ಹೇಳಿದ್ದಲ್ಲ. ಅವಳ ಕಣ್ಣಲ್ಲಿ ನಿಜವಾದ ಭಯ ಇತ್ತು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಒಳಗೆ ಕೊಳಲಿನವನ ದನಿ ಕೇಳಿಸಿತು. “ನನ್ನ ಸ್ವರ ಹುಡುಕ್ಬೇಡಿ ಟೀಚರ್. ನಿಮಗೆ ಎಲ್ಲಿಂದ ಬರುತ್ತೋ ಅಲ್ಲಿಂದ ಎತ್ತಿ. ಅರ್ಧ ದಾರಿ ನಾನು ಬರ್ತೀನಿ, ಅರ್ಧ ದಾರಿ ನೀವು ಬನ್ನಿ.” ಟೀಚರು ಎತ್ತಿಕೊಂಡರು. ಈ ಸಲ ಕೊಳಲು ಅವರ ಹಿಂದೆಯೇ ಬಂತು, ತಡವರಿಸಿತು, ಕೊಂಚ ಮೇಲೇರಿತು. ಟೀಚರು ಕೊಂಚ ಇಳಿದರು. ಮಿಂಚಿನ ಹಾಗೆ ಸೇರಿತು ಎಂದರೆ ಸುಳ್ಳಾಗುತ್ತದೆ. ಎಲ್ಲೋ ಒಂದು ಕಡೆ ಸೇರಿತು, ಮುಂದಿನ ಸಾಲಿಗೆ ತಪ್ಪಿತು. “ಅಲ್ಲ ಅಲ್ಲ, ನೀವು ಬೇಗ ಇಳಿದ್ರಿ” ಎಂದು ಅವನು. “ನೀವು ಎಳೆದ್ರಿ!” ಎಂದು ಅವರು. ಮತ್ತೆ ಶುರು ಮಾಡಿದರು. ಇಷ್ಟಾದರೆ ಕೊಳಲು ಉಳಿಯಿತು ಎಂದು ನನಗೆ ಧೈರ್ಯ ಬಂತು. ನನ್ನ ಮಣಿಕಟ್ಟಿನ ಮೇಲಿದ್ದ ಅಕ್ಕನ ಹಿಡಿತ ಮೆಲ್ಲಗೆ ಸಡಿಲವಾಯಿತು.

ಬಿಸಿಲು ಮೊಗಸಾಲೆಯಿಂದ ಇಳಿದು ಅಂಗಳಕ್ಕೆ ಹೋದ ಮೇಲೆ ಬಾಗಿಲು ತೆರೆಯಿತು. ಅಕ್ಕ ತಟ್ಟನೆ ಎದ್ದು ನಿಂತಳು, ಏನೇನು ಕೇಳಬೇಕೋ ಎಲ್ಲ ತುಟಿಯ ತನಕ ತಂದುಕೊಂಡಿದ್ದಳು. ಟೀಚರೂ ಕೊಳಲಿನವನೂ ಹೊರಬಂದರು. ಎರಡನೆಯ ಸಾಲನ್ನು ಮಕ್ಕಳಿಗೆ ಮೊದಲು ಹೇಳಿಕೊಡಬೇಕೋ ಮೂರನೆಯದನ್ನೋ ಎಂದು ಜಟಾಪಟಿ ನಡೆದಿತ್ತು. ಅವನು ಕೊಳಲಿನಿಂದಲೇ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದ, ಅವರು “ನಿಮಗೆ ಮಕ್ಕಳು ಗೊತ್ತಿಲ್ಲ, ಸುಮ್ನಿರಿ” ಎಂದು ತಲೆಯಾಡಿಸುತ್ತಿದ್ದರು. ಹಾಗೇ ನಮ್ಮ ಮುಂದೆ ಹಾದು, ಮೆಟ್ಟಿಲಿಳಿದು, ಅಂಗಳ ದಾಟಿ ಗೇಟಿನ ಕಡೆ ಹೋದರು. ಬೆಂಚಿನ ಪಕ್ಕ ಇಬ್ಬರು ನಿಂತಿದ್ದಾರೆ ಎನ್ನುವುದೇ ಅವರ ಕಣ್ಣಿಗೆ ಬೀಳಲಿಲ್ಲ.

ಅಕ್ಕ ಅವರು ಹೋದ ದಾರಿಯನ್ನೇ ನೋಡುತ್ತಾ ನಿಂತಳು. “ನೋಡಿದ್ಯೇನೋ, ನನ್ನ ಕಡೆ ತಿರುಗಿ ಸಹ ನೋಡ್ಲಿಲ್ಲ” ಎಂದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಅಳ್ತಿರೋದು ಖುಷಿಗಾ, ಬೇಜಾರಿಗಾ?” ಎಂದು ಕೇಳಿದೆ.

“ಎರಡಕ್ಕೂ ಕಣೋ” ಎಂದಳು. ಆಮೇಲೆ ಆ ಮಕ್ಕಳ ಬೆಂಚಿನ ಮೇಲೆ ಮತ್ತೆ ಕೂತಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದಳು. ನಾನು ಕಾದೆ.

“ನಡಿ” ಎಂದಳು ಕೊನೆಗೆ, ಮೊಣಕಾಲಿಗೆ ಕೈಯೂರಿ ಏಳುತ್ತಾ. “ಇಲ್ಲಿ ನಂಗೇನೂ ಕೆಲಸ ಇಲ್ಲ.”